ಎಫ್‌ಐಆರ್ ಕೈಗೆ ಬಂದಾಗ: ಆರೋಪವನ್ನು ಬಿಡಿಸಿ ಓದಿ, ನಿಮ್ಮ ಡಿಫೆನ್ಸ್ ಯಾವುದೆಂದು ಗುರುತಿಸುವುದು ಹೇಗೆ?

"ನಾನು ಅಲ್ಲಿರ್ಲೇ ಇಲ್ಲ ಸರ್. ಇದ್ರೂ ನಾನು ಹೊಡೀಲಿಲ್ಲ. ಹೊಡೆದಿದ್ರೂ ಮೊದಲು ಕೈ ಮಾಡಿದ್ದು ಅವನೇ."

ಹೊಡೆದಾಟದ ಕೇಸಿನಲ್ಲಿ ಸಿಕ್ಕಿಕೊಂಡು ಬರುವವರು ಒಂದೇ ಉಸಿರಿನಲ್ಲಿ ಹೇಳುವ ಮೂರು ಮಾತು ಇವು. ಮೂರರಲ್ಲಿ ಯಾವುದೋ ಒಂದು ನಿಜ ಇರಬಹುದು. ಆದರೆ ಮೂರೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವಿಲ್ಲ ಅಲ್ವಾ? ಆದರೂ ಮೊದಲನೆಯದು ಜಾಮೀನು ಅರ್ಜಿಯಲ್ಲಿ ಸೇರುತ್ತದೆ, ಎರಡನೆಯದು ಪಾಟಿ ಸವಾಲಿನಲ್ಲಿ (ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸುವಾಗ) ಬರುತ್ತದೆ, ಮೂರನೆಯದನ್ನು ಆರೋಪಿ ಕೊನೆಗೆ ನ್ಯಾಯಾಧೀಶರ ಮುಂದೆ ತಾನೇ ಹೇಳುತ್ತಾನೆ. ಅಲ್ಲಿಗೆ ಮೂರನ್ನೂ ಯಾರೂ ನಂಬುವುದಿಲ್ಲ.

ಕೆಳಗಿನ ಹಂತಗಳು ವಕೀಲರ ಬದಲಿಗೆ ಅಲ್ಲ. ವಕೀಲರ ಮುಂದೆ ಕೂರುವ ಮೊದಲು ನೀವು ಮನೆಯಲ್ಲೇ ಮಾಡಬೇಕಾದ ಹೋಂವರ್ಕ್. ಅನುಕ್ರಮ ತಪ್ಪಿಸಬೇಡಿ. ಮೊದಲೇ ಡಿಫೆನ್ಸ್ ಆರಿಸಿಕೊಂಡು ಆಮೇಲೆ ಸೆಕ್ಷನ್ ಓದುವುದೇ ಬಹಳ ಜನ ಎಡವುವ ಜಾಗ.

ಉದ್ದಕ್ಕೂ ಒಂದೇ ಕಲ್ಪಿತ ಜಗಳವನ್ನು ಇಟ್ಟುಕೊಳ್ಳೋಣ. ಇಬ್ಬರು ದಾಯಾದಿಗಳು. ಒಬ್ಬ ಮೇಲ್ಹೊಲದವನು, ಇನ್ನೊಬ್ಬ ಕೆಳಹೊಲದವನು. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ಬೆಳಿಗ್ಗೆ ಏಳು ಗಂಟೆಗೆ ಮೇಲ್ಹೊಲದವನು ಟ್ರ್ಯಾಕ್ಟರ್ ತಂದು ಬದುವನ್ನೇ ಉಳಲು ಶುರು ಮಾಡಿದ. ದನ ಹೊಡೆದುಕೊಂಡು ಬಂದಿದ್ದ ಕೆಳಹೊಲದವನು ಟ್ರ್ಯಾಕ್ಟರಿಗೆ ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು. ಮೇಲ್ಹೊಲದವನ ಮಗ ಗುದ್ದಲಿ ಎತ್ತಿಕೊಂಡು ಬಂದ. ಕೆಳಹೊಲದವನು ಕೈಯಲ್ಲಿದ್ದ ದನದ ಕೋಲಿನಿಂದ ಒಂದೇಟು ಹಾಕಿದ. ಮಗನ ಮುಂಗೈ ಮೂಳೆ ಮುರಿಯಿತು. ಮೊದಲು ಸ್ಟೇಷನ್ ಮೆಟ್ಟಿಲು ಹತ್ತಿದವರು ಮೇಲ್ಹೊಲದವರು. ಹಾಗಾಗಿ ಈಗ ಆರೋಪಿ ಕೆಳಹೊಲದವನು.

## ಮೊದಲು ಕೈಯಲ್ಲಿರಬೇಕಾದ ಕಾಗದಗಳು

ಎಫ್‌ಐಆರ್ ಜೊತೆಗೆ ಅದರ ಹಿಂದಿರುವ ಫಿರ್ಯಾದಿಯ ದೂರಿನ ಪ್ರತಿ ಬೇಕೇ ಬೇಕು. ಬರೀ ಮುಂದಿನ ಫಾರಂ ಇಟ್ಟುಕೊಂಡು ಏನೂ ಗೊತ್ತಾಗುವುದಿಲ್ಲ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಠಾಣೆಯ ಹೆಸರು ಮತ್ತು ಕ್ರೈಂ ನಂಬರ್ ಗೊತ್ತಿದ್ದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಹುಡುಕಿ. ಸಿಗದಿದ್ದರೆ ಕೋರ್ಟಿನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ.

ಚಾರ್ಜ್‌ಶೀಟ್ ಆಗಿದ್ದರೆ ಗಾಯದ ಪ್ರಮಾಣಪತ್ರ, ಸ್ಥಳ ಮಹಜರು, ನಕ್ಷೆ, ಸಾಕ್ಷಿಗಳ ಹೇಳಿಕೆ ಎಲ್ಲವೂ ನಿಮಗೆ ಪುಕ್ಕಟೆ ಸಿಗಬೇಕು. ಆರೋಪಿ ಹಾಜರಾದ ದಿನದಿಂದ 14 ದಿನದೊಳಗೆ ಕೊಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ. ಪುಟ ಎಣಿಸಿ ತೆಗೆದುಕೊಳ್ಳಿ. ಓದಲಾಗದ ಜೆರಾಕ್ಸ್ ಕೊಟ್ಟರೆ ಅಲ್ಲೇ ಹೇಳಿ.

ನಿಮ್ಮ ಕಡೆಯಿಂದ ಪಹಣಿ, ಹದ್ದುಬಸ್ತು ಅಳತೆ ಆಗಿದ್ದರೆ ಅದರ ನಕ್ಷೆ, ನಿಮಗೂ ಪೆಟ್ಟಾಗಿದ್ದರೆ ಆಸ್ಪತ್ರೆ ಚೀಟಿ. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಆ ಫೋನೇ ಬೇಕು. ವಾಟ್ಸ್ಯಾಪಿನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿನಿಂದ ಕೆಲಸ ಆಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಮಾಡಿಸಲು ಮೂಲ ಎಲ್ಲಿದೆ ಅನ್ನುವುದು ಮುಖ್ಯ.

ವಕೀಲರಿಗೆ ಹಣವಿಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಫೋನ್ ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

## ಹಂತ 1: ಘಟನೆಯ ತಾರೀಕು ನೋಡಿ

ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಅಪರಾಧಕ್ಕೆ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ. ಅಂದಿನಿಂದ ಈಚೆಗಿನದಾದರೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ದೂರು ಯಾವತ್ತು ಕೊಟ್ಟರು ಅನ್ನುವುದಲ್ಲ, ಘಟನೆ ಯಾವತ್ತು ನಡೆಯಿತು ಅನ್ನುವುದು ಲೆಕ್ಕ.

ಹಳ್ಳಿ ಹೊಡೆದಾಟದ ಎಫ್‌ಐಆರ್‌ಗಳಲ್ಲಿ ವರ್ಷಾನುಗಟ್ಟಲೆ ಕಂಡ ಸಾಲು "341, 323, 324, 504, 506 ಸಹವಾಚಕ 34". ಈಗ ಅದೇ ಸಾಲು "126(2), 115(2), 118(1), 352, 351(2) ಸಹವಾಚಕ 3(5)". ಹಳೆಯ ನಂಬರನ್ನು ತಲೆಯಲ್ಲಿಟ್ಟುಕೊಂಡು ಹೊಸದನ್ನು ಓದಿದರೆ ಪಜೀತಿ. ಐಪಿಸಿಯಲ್ಲಿ 302 ಕೊಲೆ. ಬಿಎನ್‌ಎಸ್‌ನಲ್ಲಿ 302 ಧಾರ್ಮಿಕ ಭಾವನೆಗೆ ನೋವಾಗುವಂತೆ ಮಾತಾಡುವುದು, ಕೊಲೆ 103ಕ್ಕೆ ಹೋಗಿದೆ. ನಂಬರ್ ನೋಡಿ ಹೆದರುವ ಮೊದಲು ಪಕ್ಕದಲ್ಲಿ ಯಾವ ಕಾನೂನಿನ ಹೆಸರಿದೆ ನೋಡಿ.

ಬದಲಾಗಿರುವುದು ಬರೀ ನಂಬರ್ ಅಲ್ಲ. ಮೂಳೆ ಮುರಿಯದಿದ್ದರೂ ಗಾಯಾಳು 20 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಐಪಿಸಿ ಅದನ್ನು ತೀವ್ರ ಗಾಯ ಅನ್ನುತ್ತಿತ್ತು. ಬಿಎನ್‌ಎಸ್ 116ರಲ್ಲಿ 15 ದಿನವೇ ಸಾಕು.

## ಹಂತ 2: ದೂರಿನ ಉದ್ದ ವಾಕ್ಯವನ್ನು ತುಂಡು ಮಾಡಿ

ದೂರುಗಳಲ್ಲಿ ಪೂರ್ಣವಿರಾಮ ಕಡಿಮೆ. "...ಸದರಿ ಆರೋಪಿತನು ನಮ್ಮನ್ನು ತಡೆದು ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ದೊಣ್ಣೆಯಿಂದ ನನ್ನ ಮಗನಿಗೆ ಹೊಡೆದು ಗಾಯಪಡಿಸಿ, ಜೀವ ಸಹಿತ ಬಿಡುವುದಿಲ್ಲವೆಂದು ಜೀವ ಬೆದರಿಕೆ ಹಾಕಿರುತ್ತಾನೆ" ಎಂದು ಒಂದೇ ಓಟ. ಅದರಲ್ಲಿ ಪ್ರತಿ ಅಲ್ಪವಿರಾಮವೂ ಒಂದು ಸೆಕ್ಷನ್. ದನದ ಕೋಲು ಆಗಲೇ ದೊಣ್ಣೆಯಾಗಿದೆ, ಗಮನಿಸಿ.

ಒಂದು ನೋಟ್‌ಬುಕ್ ತೆಗೆದು ಒಂದೊಂದು ಸೆಕ್ಷನ್‌ಗೆ ಒಂದೊಂದು ಪುಟ ಮಾಡಿ. ಮೇಲೆ ಸೆಕ್ಷನ್. ಕೆಳಗೆ ಅದು ಸಾಬೀತಾಗಲು ಏನೇನು ಬೇಕು ಅನ್ನುವುದನ್ನು ಒಂದೊಂದೇ ಸಾಲಾಗಿ ಬರೆಯಿರಿ. ಎಲ್ಲ ಸಾಲೂ ಸಾಬೀತಾದರೆ ಮಾತ್ರ ಅಪರಾಧ. ಒಂದು ಸಾಲು ಬಿದ್ದರೂ ಆ ಸೆಕ್ಷನ್ ಬೀಳುತ್ತದೆ.

126(2), ತಡೆದು ನಿಲ್ಲಿಸುವುದು. ಎದುರಿನವನಿಗೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಬೇಕಂತಲೇ ತಡೆಯಬೇಕು. ಇಲ್ಲಿ 'ಹಕ್ಕಿರುವ' ಅನ್ನುವ ಪದದ ಮೇಲೆ ಗೆರೆ ಎಳೆಯಿರಿ. ಕೆಳಹೊಲದವನ ಜಮೀನಿನ ಒಳಗೆ ಟ್ರ್ಯಾಕ್ಟರ್ ಓಡಿಸಲು ಮೇಲ್ಹೊಲದವನಿಗೆ ಹಕ್ಕೆಲ್ಲಿಂದ ಬಂತು? ಇದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಖಾಸಗಿ ದಾರಿಯನ್ನು ಅಡ್ಡಗಟ್ಟಲು ತನಗೆ ಹಕ್ಕಿದೆ ಎಂದು ಸದ್ಭಾವನೆಯಿಂದ ನಂಬಿ ತಡೆದರೆ ಅದು ಅಪರಾಧವಲ್ಲ. ಬದುವಿನ ಜಗಳಗಳಲ್ಲಿ ಇದನ್ನು ಯಾರೂ ಓದುವುದೇ ಇಲ್ಲ.

352, ಅವಮಾನ. ಬೈದರೆ ಸಾಲದು. ಬೈಗುಳದಿಂದ ಕೆರಳಿ ಎದುರಿನವನು ಶಾಂತಿ ಕದಡಲಿ ಅನ್ನುವ ಉದ್ದೇಶವಾದರೂ ಇರಬೇಕು, ಹಾಗೆ ಕದಡಬಹುದು ಎಂದು ಗೊತ್ತಾದರೂ ಇರಬೇಕು. ಬೈದ ಮಾತು ಯಾವುದು ಎಂದೇ ದೂರಿನಲ್ಲಿ ಇಲ್ಲದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

351(2), ಬೆದರಿಕೆ. ಎದುರಿನವನಲ್ಲಿ ಭಯ ಹುಟ್ಟಿಸುವ ಉದ್ದೇಶ ಬೇಕು, ಅಥವಾ ಅವನಿಂದ ಏನನ್ನಾದರೂ ಒತ್ತಾಯದಿಂದ ಮಾಡಿಸುವ ಉದ್ದೇಶ ಬೇಕು. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಸಿಟ್ಟಿನಿಂದ ಬರೆದ ಕಮೆಂಟಿಗೆ ಬೆದರಿಕೆ ಕೇಸ್ ಹಾಕಿದ್ದನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಭಯ ಹುಟ್ಟಿಸುವ ಉದ್ದೇಶವಿಲ್ಲದ ಬರೀ ಮಾತು ಈ ಸೆಕ್ಷನ್‌ಗೆ ಸಾಲದು ಅಂದಿತು.

118, ಅಪಾಯಕಾರಿ ಆಯುಧ. ಸದ್ಯ ಎಫ್‌ಐಆರ್‌ನಲ್ಲಿ 118(1) ಇದೆ, ಗರಿಷ್ಠ 3 ವರ್ಷ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿದ್ದು ಗೊತ್ತಾದ ಮೇಲೆ ಚಾರ್ಜ್‌ಶೀಟ್‌ನಲ್ಲಿ ಅದು 118(2) ಆಗಬಹುದು. ಅದಕ್ಕೆ ಕನಿಷ್ಠ 1 ವರ್ಷ, 10 ವರ್ಷದವರೆಗೆ, ಜೀವಾವಧಿಯೂ ಆಗಬಹುದು. ಹಾಗಾಗಿ ಎಫ್‌ಐಆರ್ ಸೆಕ್ಷನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಇನ್ನೊಂದು ಪ್ರಶ್ನೆ: ಹೆಬ್ಬೆರಳು ದಪ್ಪದ ದನದ ಕೋಲು ಜೀವ ತೆಗೆಯಬಲ್ಲ ಆಯುಧವೇ? ಅಲ್ಲ ಎಂದಾದರೆ ಅದು 117(2)ಕ್ಕೆ ಇಳಿಯುತ್ತದೆ, ಗರಿಷ್ಠ 7 ವರ್ಷ, ಕನಿಷ್ಠ ಶಿಕ್ಷೆ ಎಂಬುದಿಲ್ಲ. ಮಹಜರಿನಲ್ಲಿ ಕೋಲಿನ ಉದ್ದ, ದಪ್ಪ ಬರೆದಿದ್ದಾರಾ ನೋಡಿ.

3(5), ಸಮಾನ ಉದ್ದೇಶ. ಗಂಡನ ಜೊತೆ ಹೆಂಡತಿ, ಮಗ, ಮನೆಯ ಅಜ್ಜಿಯನ್ನೂ ಎ2, ಎ3, ಎ4 ಮಾಡಿಬಿಡುತ್ತಾರೆ. ಜೊತೆಗಿದ್ದರು ಅನ್ನುವುದಷ್ಟೇ ಸಾಲದು, ಎಲ್ಲರ ಮನಸ್ಸೂ ಅದೇ ಕೆಲಸಕ್ಕೆ ಒಂದಾಗಿತ್ತು ಎಂದು ತೋರಿಸಬೇಕು. ಯಾರು ಏನು ಮಾಡಿದರು ಎಂದು ಬಿಡಿಬಿಡಿಯಾಗಿ ದೂರಿನಲ್ಲಿ ಇದೆಯಾ ನೋಡಿ.

## ಹಂತ 3: ಕೈ ಮಾಡಿದ್ದೇನು, ಮನಸ್ಸಿನಲ್ಲಿದ್ದಿದ್ದೇನು

ಈಗ ಪ್ರತಿ ಪುಟದ ನಡುವೆ ಒಂದು ಗೆರೆ ಹಾಕಿ. ಎಡಕ್ಕೆ ಕೃತ್ಯ, ಬಲಕ್ಕೆ ಮನಸ್ಸು.

ಬಲಗಡೆ ಬರುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು. ಉದ್ದೇಶ: ಹೀಗೇ ಆಗಲಿ ಅಂತ ಮಾಡಿದ್ದು. ತಿಳಿವು: ಹೀಗಾಗಬಹುದು ಎಂದು ಗೊತ್ತಿದ್ದೂ ಮಾಡಿದ್ದು. ನಿರ್ಲಕ್ಷ್ಯ: ಇರಬೇಕಾದ ಎಚ್ಚರ ಇಲ್ಲದೆ ಮಾಡಿದ್ದು. ಯಾವ ಸೆಕ್ಷನ್‌ಗೆ ಯಾವುದು ಬೇಕು ಎಂದು ಆ ಸೆಕ್ಷನ್ನೇ ಹೇಳುತ್ತದೆ. ಬೈಕ್ ಅಪಘಾತದಲ್ಲಿ ಒಬ್ಬರು ಸತ್ತರೆ 106(1)ಕ್ಕೆ ನಿರ್ಲಕ್ಷ್ಯ ಸಾಕು. "ಸಾಯಿಸೋ ಉದ್ದೇಶ ಇರ್ಲಿಲ್ಲ ಸರ್" ಎಂದು ಅಲ್ಲಿ ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ, ಯಾಕಂದರೆ ಉದ್ದೇಶ ಇತ್ತು ಎಂದು ಯಾರೂ ಹೇಳುತ್ತಲೇ ಇಲ್ಲ.

ಉದ್ದೇಶವನ್ನೂ ದ್ವೇಷದ ಕಾರಣವನ್ನೂ ಬೆರೆಸಬೇಡಿ. "ನನಗೂ ಅವನಿಗೂ ಹಳೇ ದ್ವೇಷ ಇರಲೇ ಇಲ್ಲ" ಅನ್ನುವುದು ಉಪಯೋಗಕ್ಕೆ ಬರಬಹುದು, ಆದರೆ ಹೊಡೆಯುವಾಗ ಹೊಡೆಯುವ ಮನಸ್ಸು ಇತ್ತೇ ಅನ್ನುವ ಪ್ರಶ್ನೆಗೆ ಅದು ಉತ್ತರವಲ್ಲ.

## ಹಂತ 4: ಪ್ರತಿ ಪುಟಕ್ಕೂ ಒಂದೇ ದಾರಿ ಆರಿಸಿ

ಡಿಫೆನ್ಸ್ ಎಷ್ಟೇ ಬಗೆಯಿದ್ದರೂ ದಾರಿ ನಾಲ್ಕೇ.

ಒಂದು: ನಾನಲ್ಲ, ನಾನು ಅಲ್ಲಿರಲಿಲ್ಲ.
ಎರಡು: ಹೇಳುವಂತೆ ನಡೆದೇ ಇಲ್ಲ, ಅಥವಾ ನಡೆದಿದ್ದರೂ ಆ ಸೆಕ್ಷನ್ನಿನ ಎಲ್ಲ ಸಾಲು ತುಂಬುವುದಿಲ್ಲ.
ಮೂರು: ಮಾಡಿದ್ದು ಹೌದು, ಆದರೆ ಕಾನೂನೇ ಅದನ್ನು ಅಪರಾಧ ಅನ್ನುವುದಿಲ್ಲ.
ನಾಲ್ಕು: ಮಾಡಿದ್ದು ಹೌದು, ಆದರೆ ಅಪರಾಧ ಇಷ್ಟು ದೊಡ್ಡದಲ್ಲ.

ಬೇರೆ ಬೇರೆ ಪುಟಕ್ಕೆ ಬೇರೆ ದಾರಿ ಹಿಡಿಯಬಹುದು. ನಮ್ಮ ಕೆಳಹೊಲದವನಿಗೆ 352 ಮತ್ತು 351ಕ್ಕೆ ಎರಡನೇ ದಾರಿ, 118ಕ್ಕೆ ಮೂರನೇ ದಾರಿ. ಇದರಲ್ಲಿ ವಿರೋಧವಿಲ್ಲ. ಆದರೆ ಒಂದನೇ ದಾರಿಯನ್ನು ಯಾವುದರ ಜೊತೆಗೂ ಬೆರೆಸಲಾಗದು. ಸ್ಥಳದಲ್ಲಿ ಇರಲೇ ಇಲ್ಲ ಅಂದವನು ಆತ್ಮರಕ್ಷಣೆಗೆ ಹೊಡೆದೆ ಅನ್ನುವುದು ಹೇಗೆ?

ಒಂದು ವಿಷಯ ಮುಚ್ಚಿಡಬಾರದು. ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ದಾಖಲೆಯಲ್ಲೇ ಆತ್ಮರಕ್ಷಣೆ ಎದ್ದು ಕಂಡರೆ ಕೋರ್ಟ್ ಅದನ್ನು ಪರಿಗಣಿಸಬಹುದು ಎಂದು ಮುನ್ಷಿ ರಾಮ್ ಪ್ರಕರಣದಲ್ಲಿ (1968) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ಬಿದ್ದವನನ್ನು ಹಿಡಿಯುವ ಬಲೆ. ಅದನ್ನು ನಂಬಿಕೊಂಡು ಬೀಳಲು ಹೋಗಬೇಡಿ.

ಒಂದನೇ ದಾರಿ ಹಿಡಿಯುವವರಿಗೆ ಎಚ್ಚರಿಕೆ. 'ಪಕ್ಕದ ಊರಿನ ಜಾತ್ರೆಯಲ್ಲಿದ್ದೆ' ಅಂದರೆ ಸಾಲದು. ಬೈಕಿನಲ್ಲಿ ಹತ್ತು ನಿಮಿಷದ ದಾರಿ ಅಂದಮೇಲೆ ಅಲ್ಲಿದ್ದೂ ಇಲ್ಲಿಗೆ ಬಂದಿರಬಹುದು. ಆ ಹೊತ್ತಿಗೆ ನೀವು ಸ್ಥಳದಲ್ಲಿರುವುದು ಸಾಧ್ಯವೇ ಇರಲಿಲ್ಲ ಎಂದು ತೋರಿಸಬೇಕು. ಸಿಸಿಟಿವಿ, ಹಾಜರಿ ಪುಸ್ತಕ, ಆಸ್ಪತ್ರೆ ದಾಖಲೆಯಂಥವು ಬೇಕು, ಸಂಬಂಧಿಕರ ಮಾತಷ್ಟೇ ಅಲ್ಲ. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ, ಮೊದಲ ವಾರದಲ್ಲೇ ಹಿಡಿದುಕೊಳ್ಳಿ.

## ಹಂತ 5: ಆತ್ಮರಕ್ಷಣೆಯನ್ನು ಐದು ಪ್ರಶ್ನೆಗೆ ಒಡ್ಡಿ

ಮೂರನೇ ದಾರಿಯಲ್ಲಿ ಹೆಚ್ಚು ಬಳಕೆಯಾಗುವುದೂ ಹೆಚ್ಚು ಕೆಡುವುದೂ ಇದೇ. ಬಿಎನ್‌ಎಸ್ 34ರಿಂದ 44ರವರೆಗೆ ಪೂರ್ತಿ ಇದಕ್ಕೇ ಮೀಸಲು. ಕೆಳಗಿನ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಒಂದರಲ್ಲಿ ಸಿಕ್ಕಿಬಿದ್ದರೆ ಮುಂದಿನದಕ್ಕೆ ಹಾರಬೇಡಿ, ಅಲ್ಲೇ ನಿಂತು ವಕೀಲರನ್ನು ಕೇಳಿ.

ಶುರು ಮಾಡಿದ್ದು ಯಾರು? ನೀವೇ ಮೈಮೇಲೆ ಬಿದ್ದು, ಎದುರಿನವನು ತಿರುಗಿಸಿ ಕೊಟ್ಟ ಮೇಲೆ ಆತ್ಮರಕ್ಷಣೆ ಅನ್ನುವ ಹಾಗಿಲ್ಲ. ಎರಡೂ ಕಡೆಯವರು ಸಜ್ಜಾಗಿ ಬಂದು ಬಡಿದಾಡಿದರೆ ಸಾಮಾನ್ಯವಾಗಿ ಯಾರಿಗೂ ಆ ಹಕ್ಕಿಲ್ಲ.

ಅಪಾಯ ಎಷ್ಟು ಹತ್ತಿರವಿತ್ತು? ಏಟು ಬೀಳುವ ತನಕ ಕಾಯಬೇಕಿಲ್ಲ. ನ್ಯಾಯವಾದ ಭಯ ಹುಟ್ಟಿದ ಕ್ಷಣಕ್ಕೇ ಹಕ್ಕು ಶುರು, ಭಯ ಇರುವ ತನಕ ಮಾತ್ರ ಮುಂದುವರಿಯುತ್ತದೆ. ಇದು 40ನೇ ಕಲಂ. ಎತ್ತಿದ ಗುದ್ದಲಿ ಸಾಕು. "ನಾಳೆ ನೋಡ್ಕೋತೀನಿ" ಅನ್ನುವ ಮಾತು ಸಾಲದು.

ಪೊಲೀಸರ ಹತ್ತಿರ ಹೋಗಲು ಸಮಯವಿತ್ತೇ? 37ನೇ ಕಲಮಿನ ಪ್ರಕಾರ ಸರ್ಕಾರಿ ರಕ್ಷಣೆ ಕೇಳಲು ಸಮಯವಿದ್ದರೆ ಈ ಹಕ್ಕಿಲ್ಲ. 'ನಾಳೆ ಬದು ಒಡೀತಾರಂತೆ' ಎಂದು ಹಿಂದಿನ ರಾತ್ರಿಯೇ ಸುದ್ದಿ ಬಂದು, ಬೆಳಿಗ್ಗೆ ಆರು ಜನ ದೊಣ್ಣೆ ಹಿಡಿದು ಕಾದು ನಿಂತಿದ್ದರೆ ಇಡೀ ಡಿಫೆನ್ಸ್ ಅಲ್ಲಿಗೆ ಕುಸಿಯುತ್ತದೆ. ಕೆಳಹೊಲದವನು ಒಬ್ಬನೇ ಇದ್ದ, ದನ ಹೊಡೆದುಕೊಂಡು ಬಂದಿದ್ದ, ಕೋಲು ಅದಕ್ಕೇ ಇತ್ತು. ಈ ಸಣ್ಣ ವಿವರ ಅವನ ಕೇಸಿನ ಬೆನ್ನೆಲುಬು.

ಕಾಪಾಡಿದ್ದು ಮೈಯನ್ನೋ, ಆಸ್ತಿಯನ್ನೋ? ಇಲ್ಲಿ ಬಹಳ ಜನ ತಪ್ಪುತ್ತಾರೆ. ಬದು ಉಳುವುದು ಆಸ್ತಿಗೆ ಬಂದ ಕುತ್ತು. ಅದನ್ನು ತಡೆಯಲು ಅಗತ್ಯವಿದ್ದಷ್ಟು ಬಲ ಬಳಸಬಹುದು, ಆದರೆ ಬರೀ ಅತಿಕ್ರಮಣಕ್ಕೆ ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ. ಆಸ್ತಿ ಕಾಯುವಾಗ ಸಾವು ಸಂಭವಿಸಿದರೂ ರಕ್ಷಣೆ ಸಿಗುವ ಸಂದರ್ಭಗಳು 41ರಲ್ಲಿ ಬೆರಳೆಣಿಕೆಯಷ್ಟಿವೆ: ದರೋಡೆಯಂಥ ಸುಲಿಗೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಮನೆಗೆ ಕನ್ನ ಹಾಕುವುದು, ವಾಸದ ಮನೆಗೆ ಅಥವಾ ಸಾಮಾನು ಇಟ್ಟ ಕಟ್ಟಡಕ್ಕೆ ಬೆಂಕಿ ಇಡುವುದು, ಪ್ರಾಣಕ್ಕೆ ಅಥವಾ ಮೈಗೆ ತೀವ್ರ ಅಪಾಯದ ಭಯ ಹುಟ್ಟಿಸುವಂಥ ಕಳ್ಳತನ, ಹಾಳುಗೆಡವುವಿಕೆ, ಮನೆ ಅತಿಕ್ರಮಣ. ಮಗ ಗುದ್ದಲಿ ಎತ್ತಿದ ಕ್ಷಣದಿಂದ ವಿಷಯ ಆಸ್ತಿಯದ್ದಲ್ಲ, ಮೈಯದ್ದು. ನಿಮ್ಮ ಕಥೆಯಲ್ಲಿ ಆ ಕ್ಷಣ ಯಾವುದು ಎಂದು ನಿಖರವಾಗಿ ಬರೆಯಿರಿ. 'ನಮ್ಮ ಜಮೀನು ಸರ್, ಅದಕ್ಕೇ ಹೊಡೆದೆ' ಎಂದು ಬರೆದವರು ದೊಡ್ಡ ಹಕ್ಕನ್ನು ಬಿಟ್ಟು ಸಣ್ಣ ಹಕ್ಕಿಗೆ ಜೋತುಬಿದ್ದಂತೆ.

ಎಷ್ಟು ಹೊಡೆದಿರಿ? ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಹಾಗಂತ ಗುದ್ದಲಿ ಬೀಸಿ ಬರುವಾಗ ಯಾರೂ ಏಟನ್ನು ತಕ್ಕಡಿಯಲ್ಲಿಟ್ಟು ತೂಗಲಾರರು ಅನ್ನುವುದೂ ಕೋರ್ಟುಗಳಿಗೆ ಗೊತ್ತು. ದರ್ಶನ್ ಸಿಂಗ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಈ ತತ್ವಗಳನ್ನೆಲ್ಲ ಒಂದೆಡೆ ಕೂಡಿಸಿಕೊಟ್ಟಿದೆ. ಕೋರ್ಟು ನೋಡುವುದು ಏಟುಗಳ ಸಂಖ್ಯೆ, ಜಾಗ, ಸಮಯ. ಗುದ್ದಲಿ ಹಿಡಿದ ಕೈಗೆ ಒಂದೇಟು ಬಿದ್ದರೆ ಅದಕ್ಕೊಂದು ಅರ್ಥವಿದೆ. ಗುದ್ದಲಿ ಕೆಳಗೆ ಬಿದ್ದ ಮೇಲೆ ತಲೆಗೆ ಎರಡನೇ ಏಟು ಬಿದ್ದರೆ ಅದಕ್ಕೆ ಇನ್ನೊಂದೇ ಅರ್ಥ. ಓಡಿಹೋಗುತ್ತಿರುವವನ ಬೆನ್ನ ಮೇಲಿನ ಗಾಯ ಆತ್ಮರಕ್ಷಣೆಗೆ ಅತಿ ಕೆಟ್ಟ ಸಾಕ್ಷಿ.

ಕೌಂಟರ್ ಕೇಸ್, ಅಂದರೆ ಅದೇ ಘಟನೆಯ ಬಗ್ಗೆ ನೀವು ಅವರ ಮೇಲೆ ಕೊಡುವ ಪ್ರತಿದೂರಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ನಿಮಗೂ ಪೆಟ್ಟಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ 'ಬಿದ್ದೆ' ಎಂದು ಹೇಳಬೇಡಿ. ಮರ್ಯಾದೆಗೆ ಅಂಜಿ ಹಾಗೆ ಹೇಳಿದ್ದು ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಕೇಸಿನ ಗಾಯಗಳನ್ನು ಬರೆಯುವ ಆಸ್ಪತ್ರೆ ಪುಸ್ತಕ) ಶಾಶ್ವತವಾಗಿ ಕೂರುತ್ತದೆ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ ಎಂದು ಹೇಳಿ. ಆರೋಪಿಯ ಮೈಮೇಲಿನ ಗಂಭೀರ ಗಾಯಗಳನ್ನು ಎದುರು ಪಕ್ಷ ವಿವರಿಸದಿದ್ದರೆ ಅವರ ಕಥೆಯ ಮೇಲೇ ಅನುಮಾನ ಹುಟ್ಟುತ್ತದೆ ಎಂದು ಲಕ್ಷ್ಮಿ ಸಿಂಗ್ ಪ್ರಕರಣದಲ್ಲಿ (1976) ಸುಪ್ರೀಂ ಕೋರ್ಟ್ ಹೇಳಿದೆ. ತರಚು ಗಾಯಕ್ಕೆ ಅಷ್ಟು ಬೆಲೆ ಸಿಗುವುದಿಲ್ಲ. ಕೇಸು, ಕೌಂಟರ್ ಕೇಸು ಎರಡೂ ಇದ್ದರೆ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ವಿಚಾರಣೆ ಮಾಡಬೇಕು. ಎರಡು ಬೇರೆ ಕೋರ್ಟಿನಲ್ಲಿ ನಡೆಯುತ್ತಿದ್ದರೆ ವಕೀಲರ ಗಮನಕ್ಕೆ ತನ್ನಿ.

## ಹಂತ 6: ಉಳಿದ ವಿನಾಯಿತಿಗಳಲ್ಲಿ ಯಾವುದಾದರೂ ಹೊಂದುತ್ತದಾ ನೋಡಿ

ಬಿಎನ್‌ಎಸ್ 14ರಿಂದ 33ರವರೆಗಿನವು. ಸುಮ್ನೆ ಎಲ್ಲವನ್ನೂ ಹಾಕಿ ನೋಡುವುದಲ್ಲ. ನಿಜವಾಗಿ ಹೊಂದುವುದು ಒಂದಿದ್ದರೆ ಹೆಚ್ಚು.

ಅಚಾತುರ್ಯ (18): ಕೆಲಸ ಕಾನೂನುಬದ್ಧವಾಗಿರಬೇಕು, ಮಾಡಿದ ರೀತಿಯೂ ಸರಿಯಿರಬೇಕು, ತಕ್ಕ ಎಚ್ಚರವೂ ಇರಬೇಕು. ಕಾನೂನೇ ಕೊಟ್ಟ ಉದಾಹರಣೆ ನಮ್ಮ ಹಿತ್ತಲಿನದೇ ಅನ್ನಿಸುತ್ತದೆ: ಕೊಡಲಿಯಿಂದ ಕೆಲಸ ಮಾಡುವಾಗ ಅದರ ತಲೆ ಕಳಚಿ ಹಾರಿ ಪಕ್ಕದವನಿಗೆ ಬಡಿದು ಸತ್ತರೆ, ಎಚ್ಚರ ತಪ್ಪಿರದಿದ್ದರೆ ಅಪರಾಧವಲ್ಲ. ಕೊಡಲಿಯ ಹಿಡಿ ಸಡಿಲವಾಗಿದೆ ಎಂದು ಮೊದಲೇ ಗೊತ್ತಿದ್ದರೆ ಮಾತು ಬೇರೆ.

ಸಂಗತಿಯ ತಪ್ಪು ತಿಳಿವಳಿಕೆ (14, 17): ಕತ್ತಲಲ್ಲಿ ಕಂಡ ಹೆಂಗಸರನ್ನು ದೆವ್ವ ಎಂದು ನಿಜವಾಗಿ ನಂಬಿ ಖುಕ್ರಿ (ಗೂರ್ಖಾ ಕತ್ತಿ) ಬೀಸಿದ ಆಳಿನ ಬಿಡುಗಡೆಯನ್ನು ಒಡಿಶಾ ಹೈಕೋರ್ಟ್ ಎತ್ತಿಹಿಡಿದಿದೆ. ಅಂಥ ನಂಬಿಕೆ ಸದ್ಭಾವನೆಯದ್ದಾಗಿರಬೇಕು. "ಕಾನೂನು ಗೊತ್ತಿರಲಿಲ್ಲ" ಅನ್ನುವುದು ಇದರಲ್ಲಿ ಬರುವುದಿಲ್ಲ.

ವಯಸ್ಸು (20, 21): ಏಳು ವರ್ಷದೊಳಗಿನ ಮಗುವಿಗೆ ಅಪರಾಧವೇ ಇಲ್ಲ. ಏಳರಿಂದ ಹನ್ನೆರಡರೊಳಗೆ ತಿಳಿವಳಿಕೆ ಬಲಿತಿತ್ತೇ ಎಂದು ನೋಡುತ್ತಾರೆ. ಹದಿನೆಂಟರ ಒಳಗಿದ್ದರೆ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಹುಡುಗನ ವಯಸ್ಸನ್ನು ಎಫ್‌ಐಆರ್‌ನಲ್ಲಿ ಅಂದಾಜಿಗೆ 19 ಎಂದು ಬರೆದಿದ್ದರೆ ಶಾಲಾ ದಾಖಲೆ ತಕ್ಷಣ ಹಾಜರು ಮಾಡಿ.

ಮಾನಸಿಕ ಅಸ್ವಸ್ಥತೆ (22): ನಿಮ್ಹಾನ್ಸ್‌ನ ಅಥವಾ ಧಾರವಾಡದ ಡಿಮ್ಹಾನ್ಸ್‌ನ ಚೀಟಿ ಇದ್ದಮಾತ್ರಕ್ಕೆ ಮುಗಿಯಲಿಲ್ಲ. ಆ ಕೃತ್ಯ ಮಾಡುವ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಎಂದಾಗಲಿ ಅಥವಾ ಅದು ತಪ್ಪು ಎಂದಾಗಲಿ ತಿಳಿಯುವ ಶಕ್ತಿಯೇ ಇರಲಿಲ್ಲ ಎಂದಾಗಬೇಕು. ಘಟನೆಗೆ ಮುಂಚಿನ, ಆಗಿನ, ಅನಂತರದ ವರ್ತನೆಗೆ ಸಾಕ್ಷಿ ಹುಡುಕಿ. ಆಯುಧ ಬಚ್ಚಿಟ್ಟಿದ್ದರೆ ಈ ವಾದ ನಿಲ್ಲುವುದು ಕಷ್ಟ.

ಕುಡಿತ (23, 24): ಬೇರೆಯವರು ಗೊತ್ತಿಲ್ಲದಂತೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ. ತಾನಾಗಿ ಕುಡಿದವನಿಗೆ, ಕುಡಿಯದವನಿಗೆ ಇರುವಷ್ಟೇ ತಿಳಿವು ಇತ್ತೆಂದು ಕಾನೂನು ಲೆಕ್ಕ ಹಾಕುತ್ತದೆ. 'ಕುಡಿದಿದ್ದೆ ಸ್ವಾಮಿ' ಅನ್ನುವುದನ್ನು ಕ್ಷಮೆಯ ಮಾತು ಅಂದುಕೊಂಡವರು ಬಹಳ. ಅದು ತಪ್ಪೊಪ್ಪಿಗೆ ಇದ್ದಂತೆ.

ನಾಲ್ಕನೇ ದಾರಿಯ ದೊಡ್ಡ ಉದಾಹರಣೆ ಹಠಾತ್ ಕೆರಳಿಕೆ. ಅದು ಪೂರ್ತಿ ಬಿಡಿಸುವುದಿಲ್ಲ, ಕೊಲೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸುತ್ತದೆ. ಗಾಯದ ಕೇಸುಗಳಿಗೂ 122ನೇ ಕಲಂ ಇದೆ. ಕೆರಳಿಕೆ ಗಂಭೀರವೂ ಆಗಿರಬೇಕು, ಹಠಾತ್ತೂ ಆಗಿರಬೇಕು. 1959ರ ನಾನಾವತಿ ಪ್ರಕರಣದಲ್ಲಿ ತನಗೆ ಬೇರೊಬ್ಬನ ಜೊತೆ ಸಂಬಂಧವಿದೆ ಎಂದು ಹೆಂಡತಿ ಒಪ್ಪಿಕೊಂಡದ್ದನ್ನು ಕೇಳಿದ ನೌಕಾಪಡೆ ಅಧಿಕಾರಿ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದು ಗುಂಡು ಹಾರಿಸುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ಸಿಟ್ಟು ತಣಿಯಲು ಅಷ್ಟು ಸಮಯ ಸಾಕು ಎಂದು ಸುಪ್ರೀಂ ಕೋರ್ಟ್ ಕೊಲೆ ಅಪರಾಧಕ್ಕೆ ಕೊಟ್ಟ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಮನೆಗೆ ಹೋಗಿ ಮಚ್ಚು ತಂದವರು ಈ ಮೂರು ಗಂಟೆಯನ್ನು ನೆನಪಿಟ್ಟುಕೊಳ್ಳಬೇಕು.

## ಹಂತ 7: ಯಾರು ಏನನ್ನು ಸಾಬೀತು ಮಾಡಬೇಕು, ಪಟ್ಟಿ ಮಾಡಿ

ಅಪರಾಧವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಅದು ನಿಮ್ಮ ಕಡೆಗೆ ತಿರುಗುವುದಿಲ್ಲ. ಒಂದು, ಎರಡನೇ ದಾರಿಯವರು ಸಂಶಯ ಹುಟ್ಟಿಸಿದರೂ ಸಾಕು, ಆದರೆ ಬೇರೆಡೆ ಇದ್ದೆ ಅನ್ನುವವರು ಅದನ್ನು ನಾಲ್ಕನೇ ಹಂತದಲ್ಲಿ ಹೇಳಿದಂತೆ ತಾವೇ ತೋರಿಸಬೇಕು.

ಮೂರನೇ ದಾರಿ ಹಿಡಿದರೆ ಆ ವಿನಾಯಿತಿಯ ಸಂಗತಿಗಳನ್ನು ತೋರಿಸುವ ಹೊಣೆ ನಿಮ್ಮದು. ಸಾಕ್ಷ್ಯ ಅಧಿನಿಯಮದ 108ನೇ ಕಲಂ. ಆದರೆ ಅಳತೆಗೋಲು ಹಗುರ. 'ಹೀಗೆ ನಡೆದಿರುವುದೇ ಹೆಚ್ಚು ಸಂಭವ' ಅನ್ನಿಸಿದರೆ ಆಯಿತು. ಇದಕ್ಕೆ ನಿಮ್ಮದೇ ಸಾಕ್ಷಿ ಬೇಕೆಂದಿಲ್ಲ. ಅವರ ಸಾಕ್ಷಿಯೇ ಪಾಟಿ ಸವಾಲಿನಲ್ಲಿ 'ಹೌದು, ಹುಡುಗನ ಕೈಯಲ್ಲಿ ಗುದ್ದಲಿ ಇತ್ತು' ಅಂದರೂ ಅದು ನಿಮ್ಮದೇ. ಹಾಗಾಗಿ ಐದನೇ ಹಂತದ ಒಂದೊಂದು ಉತ್ತರದ ಮುಂದೆಯೂ ಅದನ್ನು ಯಾರ ಬಾಯಿಂದ, ಯಾವ ಕಾಗದದಿಂದ ತೋರಿಸುತ್ತೀರಿ ಎಂದು ಬರೆಯಿರಿ. ಖಾಲಿ ಬಿಟ್ಟ ಜಾಗವೇ ನಿಮ್ಮ ಕೇಸಿನ ತೂತು.

## ಹಂತ 8: ಯಾವ ಮಾತನ್ನು ಯಾವಾಗ ಆಡಬೇಕು

ಠಾಣೆಯಿಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ (ಹಾಜರಾಗಿ ಎಂದು ಕರೆಯುವುದು) ಬಂದರೆ ಹೇಳಿದ ದಿನ ಹೋಗಿ. ಹೋಗದಿದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಸ್ವೀಕೃತಿಗೆ ಸಹಿ ಹಾಕುವುದು ಬೇರೆ, ಓದದೆ ಹೇಳಿಕೆಗೆ ಸಹಿ ಹಾಕುವುದು ಬೇರೆ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಮಾಡಬೇಕಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ ಸಾಕ್ಷ್ಯ ಅಧಿನಿಯಮದ 23. ಆದರೆ ನೀವು ಹೇಳಿದ್ದರಿಂದ ಆಯುಧ ಸಿಕ್ಕರೆ ಆ ಭಾಗ ಮಾತ್ರ ಬಳಕೆಗೆ ಬರುತ್ತದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಸಂವಿಧಾನದ 20(3)ನೇ ವಿಧಿ.

ಜಾಮೀನು ಅರ್ಜಿಗೆ ಸಹಿ ಹಾಕುವ ಮೊದಲು ಓದಿ. 'ಅರ್ಜಿದಾರನು ಸ್ಥಳದಲ್ಲಿ ಇರಲಿಲ್ಲ' ಅನ್ನುವ ಸಾಲು ಹಳೆಯ ಅರ್ಜಿಯಿಂದ ಕಾಪಿ ಆಗಿ ಬಂದಿರುತ್ತದೆ. ನಿಮ್ಮ ದಾರಿ ಮೂರನೆಯದಾದರೆ ಅದನ್ನು ಹೊಡೆಸಿ.

ಚಾರ್ಜ್‌ಶೀಟ್ ಬಂದ ಮೇಲೆ, ಆರೋಪದ ಸಾಲುಗಳೇ ತುಂಬದಿದ್ದರೆ ಕೈಬಿಡಲು ಅರ್ಜಿ ಹಾಕಬಹುದು. ವಾರಂಟ್ ಕೇಸಿನಲ್ಲಿ (ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧದ ಕೇಸು) ಪ್ರತಿಗಳು ಕೈಗೆ ಬಂದ 60 ದಿನದೊಳಗೆ ಹಾಕಬೇಕು. ಈ ಗಡುವು ಹೊಸದು, ಹಳೆಯ ಅಭ್ಯಾಸದವರು ಕಳೆದುಕೊಳ್ಳುತ್ತಾರೆ. ಆತ್ಮರಕ್ಷಣೆಯನ್ನು ಈ ಹಂತದಲ್ಲಿ ಪೂರ್ತಿ ವಾದಿಸಿ ಗೆಲ್ಲುವುದು ಅಪರೂಪ, ಅದಕ್ಕೆ ಸಾಕ್ಷಿ ವಿಚಾರಣೆಯೇ ಬೇಕು.

ಆಮೇಲೆ ಬರುವ ಒಂದು ನಿಮಿಷ ಎಲ್ಲಕ್ಕಿಂತ ಅಪಾಯಕಾರಿ. ನ್ಯಾಯಾಧೀಶರು ಆರೋಪ ಓದಿ ಒಪ್ಪುತ್ತೀರಾ ಎಂದು ಕೇಳುತ್ತಾರೆ. ಹೊರಗೆ ಯಾರೋ "ಒಪ್ಕೊಂಡು ದಂಡ ಕಟ್ಟಿ ಮುಗಿಸಿಬಿಡಿ, ಯಾಕೆ ಅಲೆದಾಟ" ಅಂದಿರುತ್ತಾರೆ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ಕೇಸು. ಸರ್ಕಾರಿ ಕೆಲಸದ ಅರ್ಜಿಯಲ್ಲಿ, ಪಾಸ್‌ಪೋರ್ಟ್ ವಿಚಾರಣೆಯಲ್ಲಿ ಮತ್ತೆ ಎದುರಾಗುತ್ತದೆ. ಮೇಲ್ಮನವಿಯ ದಾರಿಯೂ ಬಹುತೇಕ ಮುಚ್ಚುತ್ತದೆ. "ಹೊಡೆದೆ ಸ್ವಾಮಿ, ಆದ್ರೆ..." ಎಂದು ಶುರು ಮಾಡಬೇಡಿ. 'ಆದ್ರೆ' ಮುಗಿಯುವುದರೊಳಗೆ 'ಒಪ್ಪಿದ್ದಾನೆ' ಎಂದು ದಾಖಲಾಗಬಹುದು. "ಒಪ್ಪುವುದಿಲ್ಲ, ವಿಚಾರಣೆ ಆಗಲಿ" ಅಷ್ಟೇ ಸಾಕು.

ಪಾಟಿ ಸವಾಲಿನಲ್ಲಿ ನಿಮ್ಮ ವಕೀಲರು ನಿಮ್ಮ ಕಥೆಯನ್ನು ಅವರ ಮುಖ್ಯ ಸಾಕ್ಷಿಗಳಿಗೆ ಹಾಕಬೇಕು: 'ಗುದ್ದಲಿ ಎತ್ತಿದ್ದು ನಿಮ್ಮ ಮಗ, ಅಲ್ಲವೇ?' ಎಂದು. ಅಲ್ಲಿ ಹಾಕದ ಕಥೆ ಕೊನೆಯಲ್ಲಿ ಬಂದರೆ ಆಮೇಲೆ ಹೊಳೆದದ್ದು ಅನ್ನಿಸುತ್ತದೆ.

ಕೊನೆಗೆ ನಾಗರಿಕ ಸುರಕ್ಷಾ ಸಂಹಿತೆಯ 351ರ ಹೇಳಿಕೆ (ಬೆದರಿಕೆಯ ಬಿಎನ್‌ಎಸ್ 351 ಅಲ್ಲ), ಹಳಬರ ಬಾಯಲ್ಲಿ 313. ಸಾಕ್ಷ್ಯದ ಒಂದೊಂದೇ ಅಂಶ ಹೇಳಿ ನ್ಯಾಯಾಧೀಶರು ನಿಮ್ಮನ್ನೇ ಕೇಳುತ್ತಾರೆ. ಪ್ರಮಾಣವಚನ ಇರುವುದಿಲ್ಲ. ನಲವತ್ತು ಪ್ರಶ್ನೆಗೂ "ಸುಳ್ಳು, ಸುಳ್ಳು" ಅಂದು ಇಳಿದು ಬರುವವರೇ ಜಾಸ್ತಿ. ಸ್ಥಳದಲ್ಲಿದ್ದಿರಾ ಅಂದಾಗಲೂ ಅಭ್ಯಾಸಬಲದಿಂದ "ಸುಳ್ಳು" ಅಂದುಬಿಡುತ್ತಾರೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಅಲ್ಲೇ ಉರುಳುತ್ತದೆ. ಕೋರ್ಟ್ ಅನುಮತಿ ಕೊಟ್ಟರೆ ಲಿಖಿತ ಹೇಳಿಕೆಯನ್ನೂ ಸಲ್ಲಿಸಬಹುದು. ಕೆಳಹೊಲದವನದು ಹೀಗಿದ್ದರೆ ಸಾಕು:

"ಆ ದಿನ ಬೆಳಿಗ್ಗೆ ನಾನು ದನ ಹೊಡೆದುಕೊಂಡು ನನ್ನ ಹೊಲಕ್ಕೆ ಒಬ್ಬನೇ ಹೋಗಿದ್ದೆ. ಫಿರ್ಯಾದಿ ನನ್ನ ಬದುವನ್ನು ಉಳುತ್ತಿದ್ದರು. ನಿಲ್ಲಿಸಿ ಎಂದು ಅಡ್ಡ ನಿಂತೆ. ಅವರ ಮಗ ಗುದ್ದಲಿ ಎತ್ತಿ ನನ್ನ ತಲೆಯ ಕಡೆಗೆ ಬೀಸಿದ. ತಪ್ಪಿಸಿಕೊಳ್ಳಲು ಕೈಯಲ್ಲಿದ್ದ ದನದ ಕೋಲಿನಿಂದ ಅವನ ಕೈಗೆ ಒಂದು ಸಲ ಹೊಡೆದೆ. ಗುದ್ದಲಿ ಬಿತ್ತು. ಮತ್ತೆ ಹೊಡೆಯಲಿಲ್ಲ. ನನ್ನ ಎಡ ಭುಜಕ್ಕೂ ಗಾಯವಾಗಿತ್ತು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆ."

ಇದಕ್ಕೆ ಪಹಣಿ, ಅಳತೆ ನಕ್ಷೆ, ಗಾಯದ ಪ್ರಮಾಣಪತ್ರದ ನಕಲು ಲಗತ್ತಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ. ಡಾಕ್ಟರನ್ನು ನಿಮ್ಮ ಪರ ಸಾಕ್ಷಿಯಾಗಿ ಕರೆಸುವುದಿದ್ದರೆ ಸಮನ್ಸ್ ಅರ್ಜಿಯನ್ನೂ ಅದೇ ದಿನ ಕೊಟ್ಟುಬಿಡಿ. ಮುಂದಿನ ತಾರೀಕಿಗೆ ನೋಡೋಣ ಎಂದು ಬಿಟ್ಟರೆ ಕೇಸು ವಾದಕ್ಕೆ ಹೋಗಿಬಿಟ್ಟಿರುತ್ತದೆ.